ನಿಂತಲ್ಲಿ

ಕೋಡಿಬಾಗದ ತಿರುವಿನಲ್ಲಿ ಕಾಣುವ ಮೊದಲೇ ಕೇಳಿತು:
ಏರಿ, ಬಿಕ್ಕಿ, ಇನ್ನೇನು ಆರಿತು ಅನ್ನುವಾಗ
ಯಾರೋ ಚಿವುಟಿದ ಹಾಗೆ ಮತ್ತೆ ಏರಿ.
ಸಂಕೇತ ದುರ್ಗೇಕರನ ಸೀಡಿಯಾ, ಕೆಎ ಮೂವತ್ತು.
ಬಾನೆಟ್ಟು ಕಪ್ಪು, ಉಳಿದದ್ದೆಲ್ಲ ಒಂದು ಕಾಲದ ಕೆಂಪು.

"ಬಾಯಿ, ಮೇಸ್ತ್ರಿ ಇಲ್ವಾ?" ಜೊತೆಗೆ ಬಂದ ಹುಡುಗ ಕೇಳಿದ.
"ಇದ್ದಾರೆ" ಎಂದೆ, ಓಮ್ನಿಯ ಅಡಿಯಿಂದ,
ಹೊರಗೆ ಜಾರಿ ಬಂದು ಕೈ ಒರೆಸಿಕೊಂಡೆ.
ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.
ಹಿಡಿಯುತ್ತದೆ. ನಾನು ಅವಸರ ಮಾಡುವುದಿಲ್ಲ.

ಏನು ಮಾಡಿದೆಯೋ?
ಏನೂ ಮಾಡಿಲ್ಲಕ್ಕಾ, ಅಂದ ಸಂಕೇತ.
ಏನೂ ಮಾಡದ ಗಾಡಿ ಇವತ್ತಿನವರೆಗೆ
ನನ್ನ ಅಂಗಳಕ್ಕೆ ಬಂದದ್ದಿಲ್ಲ.
ಹಳದಿ ದೀಪ ಉರೀತಿತ್ತಂತೆ ಮೀಟರಿನಲ್ಲಿ,
ಬ್ಯಾಟರಿ ತಂತಿ ಬಿಚ್ಚಿ ರಾತ್ರಿಯಿಡೀ ಬಿಟ್ಟನಂತೆ.
ದೀಪ ಹೋಯ್ತು.
ಇದು ಬಂತು.

ಗೋವಾದ ಯಾವುದೋ ರ್‍ಯಾಲಿ ಗಾಡಿಯಿಂದ ಕಿತ್ತ ಕ್ಯಾಮ್,
ಅರ್ಧ ತೂಕದ ಫ್ಲೈವೀಲು, ಡೋಲಿನಷ್ಟು ದೊಡ್ಡ ಸೈಲೆನ್ಸರು,
ಇಷ್ಟನ್ನೂ ಆರು ವರ್ಷ ಹೊತ್ತು
ಒಳಗಿನ ಕಂಪ್ಯೂಟರು ಕಲಿತದ್ದೆಷ್ಟೋ:
ಎಲ್ಲಿ ಒಂದು ಹನಿ ಜಾಸ್ತಿ, ಗಾಳಿಗೆ ಎಷ್ಟು ಬಾಗಿಲು.
ಒಂದು ರಾತ್ರಿ ಕರೆಂಟು ತಪ್ಪಿಸಿದ್ದಕ್ಕೆ
ಬೆಳಿಗ್ಗೆ ಅದು ಶೋರೂಮಿನ ಕೂಸು.
ಮೈ ಒಬ್ಬರದು, ಬುದ್ಧಿ ಇನ್ನೊಬ್ಬರದು.

ಪ್ಲಗ್ಗು ಬಿಚ್ಚಿದೆ. ನಾಲ್ಕೂ ಚಿಪ್ಪಿಸುಣ್ಣದ ಬಿಳಿ.
ಥ್ರಾಟಲಿನ ಬಾಯಿ ತೊಳೆದೆ, ಮಸಿ ಬಂತು, ನಡುಕ ಹೋಗಲಿಲ್ಲ.
ಕಾಯಿಲು ಬದಲಿಸು, ಅಂದ ಸಂಕೇತ.
ಸೆನ್ಸರು, ಅಂದ ಮುಬೀನ, ಫೋನಿನಿಂದ ತಲೆ ಎತ್ತದೆ.
ಬೈತಖೋಲದಿಂದ ಐಸು ಹೇರಿಕೊಂಡು ಹೊರಟ ಸಂಕೇತನ ಅಪ್ಪ
ಟೆಂಪೊ ನಿಲ್ಲಿಸಿ, ಇಳಿಯದೆಯೇ ನೋಡಿ,
"ಜೆಸಿಂತಾ, ನಮ್ಮ ದೋಣಿಯ ಎಂಜಿನ್ನು ಹುಟ್ಟಿದಾಗಿಂದ ನಡುಗ್ತದೆ,
ಯಾರಾದ್ರೂ ಅತ್ತದ್ದುಂಟಾ?"

ಸ್ಪ್ರೇ ಡಬ್ಬಿ ಹಿಡಿದು
ಪೈಪಿನಿಂದ ಪೈಪಿಗೆ ಚಿಮುಕಿಸುತ್ತ ಹೋದೆ, ಕಿವಿಯಿಂದ ನೋಡುತ್ತ.
ಮ್ಯಾನಿಫೋಲ್ಡಿನ ಹಿಂದೆ, ಕೈ ಹೋಗುವ ಕಣ್ಣು ಹೋಗದ ಕಡೆ,
ತಟ್ಟನೆ
ಎಂಜಿನ್ನು ಉಸಿರು ನೇರ ಮಾಡಿಕೊಂಡಿತು.
ಮೂರೇ ಸೆಕೆಂಡು. ಸಾಕು.

ಕಿರುಬೆರಳಿನಷ್ಟು ರಬ್ಬರು ಪೈಪು,
ಒಡೆದ ಹಿಮ್ಮಡಿಯಂಥ ಬಿರುಕು.
ನಿನ್ನೆ ಮೊನ್ನೆಯದಲ್ಲ, ಅಂಚು ಸವೆದು ನುಣುಪಾಗಿದೆ.
ಲೆಕ್ಕಕ್ಕೆ ಸಿಗದ ಗಾಳಿ ಎಷ್ಟೋ ವರ್ಷದಿಂದ ಒಳಗೆ ಹೋಗಿದೆ,
ಅದು ಹೆಚ್ಚಿದಷ್ಟೂ ಇದು ಪೆಟ್ರೋಲು ಹೆಚ್ಚಿಸಿ
ಯಾರಿಗೂ ಹೇಳದೆ ಸಂಭಾಳಿಸಿದೆ.
ಕೈಲಾಗದೆ ಹೋದಾಗ ಹಳದಿ ದೀಪ ಹಚ್ಚಿತು.
"ಬಾಯಿ ಬಿಟ್ಟದ್ದು ಅದೊಂದೇ ಸಲ," ಎಂದೆ,
"ನೀನು ತಂತಿ ಕಿತ್ತೆ."
ಸಂಕೇತ ಬಾನೆಟ್ಟಿನ ಮೇಲಿನ ಹಕ್ಕಿಹಿಕ್ಕೆಯನ್ನು ಉಗುರಿನಲ್ಲಿ ಕೆರೆದ.

ಅರವತ್ತು ರೂಪಾಯಿಯ ಪೈಪು, ಎರಡು ಕ್ಲಿಪ್ಪು.
ಆಮೇಲೆ ಕಷ್ಟದ ಕೆಲಸ:
ಎಸಿ ಬೇಡ, ಪಾಟು ಬೇಡ, ಸ್ಟೀರಿಂಗು ತಿರುಗಿಸಬೇಡ,
ಕಾಲು ಕಾರಿನಿಂದ ಹೊರಗಿಡು.
ಹತ್ತು ನಿಮಿಷ ಯಾರೂ ಮುಟ್ಟುವ ಹಾಗಿಲ್ಲ.
ತನ್ನ ಮೈ ಎಂಥದ್ದೆಂದು ಅದೇ ತಿಳಕೊಳ್ಳಲಿ.

ಬಾಗಿಲು ತೆರೆದು ಕೂತ ಸಂಕೇತನ ಬಲಗಾಲು
ಅಂಗಳದ ಕೆಮ್ಮಣ್ಣನ್ನೇ ಒತ್ತುತ್ತಿತ್ತು.
ಬಾನೆಟ್ಟಿನ ಮೇಲಿಟ್ಟ ಕೋಕಂ ಗ್ಲಾಸಿನಲ್ಲಿ
ಉಂಗುರದೊಳಗೆ ಉಂಗುರ.
ಮುಳ್ಳು ಐನೂರಕ್ಕೆ ಬಿತ್ತು, ಮುಬೀನ ಉಸಿರು ಹಿಡಿದ,
ಸಾವಿರಕ್ಕೆ ಹಾರಿತು, ಏಳುನೂರು, ಒಂಬೈನೂರೈವತ್ತು,
ಕತ್ತಲೆಯಲ್ಲಿ ಮೆಟ್ಟಿಲು ಹುಡುಕುವ ಕಾಲಿನ ಹಾಗೆ.
ಐಸು ಕರಗ್ತದೆ, ಐಸು ಕರಗ್ತದೆ, ಅನ್ನುತ್ತಲೇ
ಅಪ್ಪ ಟೆಂಪೊ ಆಫ್ ಮಾಡಿ ಬಂದು ನಿಂತ.

ಒಂಬೈನೂರು.
ಅಲ್ಲಿಂದ ಕೆಳಗಿಳಿಯಲಿಲ್ಲ. ಆ ಕ್ಯಾಮ್ ಇರುವ ತನಕ ಇಳಿಯುವುದೂ ಇಲ್ಲ.
ಗ್ಲಾಸಿನಲ್ಲಿ ಉಂಗುರಗಳು ಇನ್ನೂ ಇದ್ದವು, ತೆಳ್ಳಗೆ.
"ಸ್ವಲ್ಪ ನಡುಗ್ತದಲ್ಲಕ್ಕಾ?"
"ಅದು ನೀನು ದುಡ್ಡು ಕೊಟ್ಟು ತಂದ ನಡುಕ.
ಅದಕ್ಕೆ ನನ್ನಲ್ಲಿ ಸ್ಪ್ಯಾನರಿಲ್ಲ."

ಅಪ್ಪ ನಕ್ಕ. ಮುಬೀನ ಕೋಕಂ ಕುಡಿದು ಗ್ಲಾಸು ತೊಳೆದಿಟ್ಟ.
ಅವರೆಲ್ಲ ಹೋದ ಮೇಲೆ ಅಂಗಳದಲ್ಲಿ
ಟೆಂಪೊ ನಿಂತ ಜಾಗದಿಂದ ಗೇಟಿನವರೆಗೆ
ಐಸಿನ ನೀರಿನ ಗೆರೆ,
ಮೀನಿನ ವಾಸನೆ.
ಓಮ್ನಿಯ ಅಡಿಗೆ ಮತ್ತೆ ಜಾರಿದೆ.